ಕೂಟ ಗಡಿಯಾರಗಳು

೧೬೯೮ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ವಿಚಿತ್ರವಾದ ಕಾನೂನನ್ನು ಮಾಡಿತು. ಒಳಗೆ ಯಂತ್ರವಿಲ್ಲದ ಗಡಿಯಾರದ ಬರಿಯ ಕೇಸನ್ನಾಗಲಿ ಬರಿಯ ಡಯಲನ್ನಾಗಲಿ ಯಾರೂ ದೇಶದಿಂದ ಹೊರಕ್ಕೆ ಸಾಗಿಸಕೂಡದು. ಕಳುಹಿಸುವುದೇ ಆದರೆ ನಡೆಯುವ ಯಂತ್ರವನ್ನು ಒಳಗೆ ಕೂಡಿಸಿ, ಮಾಡಿದವನ ಹೆಸರನ್ನು ಅದರ ಮೇಲೆ ಕೆತ್ತಿ ಕಳುಹಿಸತಕ್ಕದ್ದು. ಇಂಥ ವಿಧಿ ಏಕೆ ಬೇಕಾಯಿತೆಂಬುದನ್ನು ಆ ಕಾನೂನಿನ ಪೀಠಿಕೆಯೇ ಹೇಳುತ್ತದೆ. ಖಾಲಿ ಕೇಸುಗಳೂ ಡಯಲುಗಳೂ ರಾಶಿರಾಶಿಯಾಗಿ ಸಮುದ್ರ ದಾಟಿ ಹೋಗುತ್ತಿದ್ದುವು. ಅಲ್ಲಿಯ ಜನ ಅವುಗಳೊಳಗೆ ಕಳಪೆ ಯಂತ್ರಗಳನ್ನು ತುಂಬಿ, ಮೇಲೆ ಲಂಡನ್ನಿನ ಕಸಬುದಾರರ ಹೆಸರುಗಳನ್ನು ಕೆತ್ತಿ, ಇಂಗ್ಲಿಷ್ ಮಾಲೆಂದು ಮಾರುತ್ತಿದ್ದರು. ಹೊರದೇಶದವರ ಮಾತು ಹಾಗಿರಲಿ, ಇಂಗ್ಲೆಂಡಿನೊಳಗೇ ಕಸಬು ಬಲ್ಲವರೂ ಬಲ್ಲದವರೂ ಇನ್ನೊಬ್ಬರ ಹೆಸರನ್ನು ತಮ್ಮ ಗಡಿಯಾರಗಳಿಗೆ ಹಾಕಿಕೊಳ್ಳುತ್ತಿದ್ದರೆಂದೂ ಪೀಠಿಕೆ ದೂರುತ್ತದೆ.

ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ವರ್ಷ ಕಳೆದಿವೆ. ಇಂದು ನಮ್ಮ ಪೇಟೆಬೀದಿಗಳಲ್ಲಿ ‘ಫಸ್ಟ್ ಕಾಪಿ’ ಎಂಬ ಸೊಗಸಾದ ಹೆಸರಿನಿಂದ ರೋಲೆಕ್ಸು, ಒಮೆಗಗಳು ದೊರೆಯುತ್ತವೆ. ನಕಲಿನಲ್ಲಿಯೂ ಮೊದಲನೆಯ ದರ್ಜೆ, ಎರಡನೆಯ ದರ್ಜೆ ಎಂದು ಪಂಕ್ತಿಭೇದ ಮಾಡಿರುವ ವ್ಯಾಪಾರಿಯ ಜಾಣತನವನ್ನು ಮೆಚ್ಚಲೇಬೇಕು. ಇವುಗಳನ್ನು ಮೋಸಹೋಗಿ ಕೊಳ್ಳುವವರು ಒಂದು ಬಗೆ. ಇನ್ನೊಂದು ಪಂಗಡವಿದೆ. ಅವರು ತಿಳಿದೂ ತಿಳಿದೂ ನಕಲನ್ನೇ ಕೊಳ್ಳುತ್ತಾರೆ, ಒಂದಲ್ಲ, ಹತ್ತಾರು. ತಂದ ಮೇಲೆ ಬಿಚ್ಚುತ್ತಾರೆ. ಗಾಜು ಸರಿಯಿಲ್ಲವೆಂದು ಒಂದು ಊರಿನಿಂದ ಗಾಜು ತರಿಸುತ್ತಾರೆ, ಮುಳ್ಳುಗಳ ಬಣ್ಣ ಹೊಂದಲಿಲ್ಲವೆಂದು ಇನ್ನೊಂದು ಊರಿನಿಂದ ಮುಳ್ಳು ತರಿಸುತ್ತಾರೆ. ಕೇಸಿನ ಅಂಚನ್ನು ಅರದಿಂದ ಉಜ್ಜಿ ತಿದ್ದುತ್ತಾರೆ. ತಾರೀಖಿನ ಅಂಕಿಯ ಬಾಲ ಸ್ವಲ್ಪ ಉದ್ದವಾಯಿತೆಂದು ತಾರೀಖಿನ ಚಕ್ರವನ್ನೇ ಬದಲಿಸುತ್ತಾರೆ. ಅಸಲಿಗೆ ಕೂದಲೆಳೆಯಷ್ಟು ಹತ್ತಿರ ತರುವುದೇ ಇವರ ಹವ್ಯಾಸ. ಇದೊಂದು ಹೊಸ ಕಾಲದ ಹುಚ್ಚೆಂದು ಹಲವರು ತಿಳಿದಿದ್ದಾರೆ. ಗಡಿಯಾರದ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಿದರೆ ಇದರಲ್ಲಿ ಹೊಸದಾಗಿರುವುದು ಬಹಳ ಕಡಿಮೆ ಎಂದು ತೋರುತ್ತದೆ.

ನಮ್ಮ ಶಾಸನಶಾಸ್ತ್ರದಲ್ಲಿ ‘ಕೂಟಶಾಸನ’ ಎಂಬ ಮಾತುಂಟು. ಹಳೆಯ ರಾಜನ ಹೆಸರಿನಲ್ಲಿ, ಹಳೆಯ ಕಾಲದ ತಾರೀಖು ಹಾಕಿ, ಎಷ್ಟೋ ಕಾಲದ ಮೇಲೆ ಯಾರೋ ಬರೆಯಿಸಿಕೊಂಡ ತಾಮ್ರಪಟವೇ ಕೂಟಶಾಸನ. ಗಂಗರ ತಾಮ್ರಪಟಗಳಲ್ಲಿ ಬಹುಭಾಗ ಇಂಥವೇ ಎಂದು ಫ್ಲೀಟ್ ಸಾಹೇಬರು ಹಟಹಿಡಿದು ವಾದಿಸಿದ್ದೂ, ರೈಸ್ ಅವರು ಅದನ್ನೊಪ್ಪದೆ ಹೋದದ್ದೂ ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಕೂಟಶಾಸನ ಮಾಡಿದವನಿಗೆ ಮನುಸ್ಮೃತಿ ವಧೆಯನ್ನೇ ವಿಧಿಸುತ್ತದೆ. ಅಷ್ಟು ಉಗ್ರವಾದ ಶಿಕ್ಷೆ ಏಕೆಂದರೆ, ಆ ತಗಡಿನ ಬಲದಿಂದ ಊರಿಗೆ ಊರೇ ಕೈಬದಲಾಗಬಹುದಾಗಿತ್ತು. ಗಡಿಯಾರದಿಂದ ಊರೇನೂ ಕೈಬದಲಾಗುವುದಿಲ್ಲ. ಆದರೂ ಈ ‘ಕೂಟ’ ಎಂಬ ಮಾತು ನಮ್ಮ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. ಸುಳ್ಳು ಎಂಬ ಅರ್ಥವೂ ಅದಕ್ಕಿದೆ, ಕೂಡಿಸಿದ್ದು ಎಂಬ ಅರ್ಥವೂ ಇದೆ. ನಾವು ಹೇಳಹೊರಟಿರುವ ಗಡಿಯಾರಗಳು ಎರಡೂ ಅರ್ಥದಲ್ಲಿ ಕೂಟವೇ.

೧೬೯೮ರ ಕಾನೂನಿನ ಕಾಲದಲ್ಲಿ ಲಂಡನ್ನಿನ ಗಡಿಯಾರಕ್ಕೆ ಯುರೋಪಿನಲ್ಲೆಲ್ಲ ಹೆಸರು. ಥಾಮಸ್ ಟಾಂಪಿಯನ್ ಎಂಬುವನು ಆ ಕಸಬಿನ ಮೇರು. ೧೭೧೩ರಲ್ಲಿ ಅವನು ಸತ್ತಾಗ ದೊರೆಗಳೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಅವನನ್ನು ಹೂಳಿದರು; ಮುಂದೆ ಅವನ ಶಿಷ್ಯಪ್ರಾಯನಾದ ಜಾರ್ಜ್ ಗ್ರಹಾಮನನ್ನೂ ಅದೇ ಸಮಾಧಿಯಲ್ಲಿ ಇಟ್ಟರು. ಟಾಂಪಿಯನ್ ತನ್ನ ಗಡಿಯಾರಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದ. ಅವನ ವಿಚಾರವಾಗಿ ಒಂದು ಕಥೆ ಬಹುಕಾಲದಿಂದ ಪ್ರಚಾರದಲ್ಲಿದೆ. ಯಾರೋ ಒಬ್ಬ ಗಿರಾಕಿ ಅವನ ಹೆಸರು ಹೊತ್ತ ಗಡಿಯಾರವೊಂದನ್ನು ರಿಪೇರಿಗೆಂದು ತಂದನಂತೆ. ನೋಡಿದರೆ ಅದು ಖೋಟಾ. ಟಾಂಪಿಯನ್ ಸುತ್ತಿಗೆಯಿಂದ ಅದನ್ನು ಒಂದೇ ಏಟಿಗೆ ಜಜ್ಜಿ, ತಾನು ಮಾಡಿದ್ದ ಬೇರೊಂದು ಗಡಿಯಾರವನ್ನು ಆತನ ಕೈಯಲ್ಲಿಟ್ಟು, ನನ್ನ ಗಡಿಯಾರ ಇದು ಎಂದನಂತೆ. ಕಥೆ ನಡೆದದ್ದೋ ಕಟ್ಟಿದ್ದೋ ಹೇಳುವಂತಿಲ್ಲ. ಆದರೆ ಅವನು ಬದುಕಿದ್ದಾಗಲೇ ಅವನ ಹೆಸರಿನ ಖೋಟಾ ಗಡಿಯಾರಗಳು ಪೇಟೆಯಲ್ಲಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಗಿರಾಕಿಗೆ ಬದಲು ಗಡಿಯಾರ ಕೊಟ್ಟನೆಂಬ ಭಾಗ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಮೋಸ ಮಾಡಿದವನು ಎಲ್ಲಿಯೋ ಇದ್ದಾನೆ, ಎದುರಿಗಿರುವವನು ಮೋಸಹೋದವನು ಎಂಬ ವಿವೇಕ ಅದರಲ್ಲಿದೆ.

ಇನ್ನು ಸ್ವಿಟ್ಜರ್ಲೆಂಡಿನ ಕಡೆ ಬರೋಣ. ಗಡಿಯಾರವೆಂದರೆ ಸ್ವಿಸ್ ಎಂದು ನಮ್ಮ ಹಿರಿಯರ ನಾಲಗೆಯಲ್ಲಿ ನಿಂತುಹೋಗಿದೆ. ಆ ದೇಶದ ಜೂರಾ ಬೆಟ್ಟಸೀಮೆಯ ಗಡಿಯಾರದ ಕಸಬಿಗೆ ಮೂಲಪುರುಷನೆಂದು ಹೇಳುವ ದಾನಿಯೆಲ್ ಜಾನ್‌ರಿಶಾರ್ ಎಂಬುವನು ಹುಟ್ಟಿದ್ದು ೧೬೬೫ರಲ್ಲಿ. ಆತನ ಐತಿಹ್ಯ ಹೀಗಿದೆ: ಕುದುರೆ ವ್ಯಾಪಾರಿಯೊಬ್ಬ ಆ ದಾರಿಯಾಗಿ ಹೋಗುತ್ತಿದ್ದ. ಅವನ ಬಳಿ ಲಂಡನ್ನಿನ ಗಡಿಯಾರ. ಅದು ಕೆಟ್ಟು ನಿಂತಿದೆ. ಕಮ್ಮಾರಿಕೆಯಲ್ಲಿ ಕೈ ಪಳಗಿದ್ದ ಹುಡುಗ ಜಾನ್‌ರಿಶಾರ್ ಅದನ್ನು ಬಿಚ್ಚಿ ಸರಿಪಡಿಸಿದ; ಬಿಚ್ಚಿದಾಗ ಕಂಡದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಂಡು, ಬೇಕಾದ ಸಲಕರಣೆಗಳನ್ನೂ ತಾನೇ ಮಾಡಿಕೊಂಡು, ಅಂಥದೇ ಇನ್ನೊಂದು ಗಡಿಯಾರವನ್ನು ಕಟ್ಟಿದ. ಎಂದರೆ, ಇಂದು ನಕಲು ಎಂಬ ಮಾತನ್ನು ಕೇಳಿದರೆ ಕೆರಳುವ ಒಂದು ದೊಡ್ಡ ಕೈಗಾರಿಕೆ ತನ್ನ ಹುಟ್ಟಿನ ಕಥೆಯಲ್ಲಿ ಅಭಿಮಾನದಿಂದ ಹೇಳಿಕೊಳ್ಳುವುದು ಒಂದು ನಕಲನ್ನೇ!

ಆದರೆ ಇಲ್ಲಿ ಒಂದು ಭೇದವನ್ನು ಮರೆಯಬಾರದು. ಜಾನ್‌ರಿಶಾರ್ ನೋಡಿ ಕಲಿತ. ನಮ್ಮ ಓಲೆಗರಿಯ ಲಿಪಿಕಾರನೂ ಮುಂದಿರುವ ಪ್ರತಿಯನ್ನು ನೋಡಿ ಬರೆಯುತ್ತಿದ್ದ. ಕೊನೆಯಲ್ಲಿ ತನ್ನ ಹೆಸರು, ಊರು, ಸಂವತ್ಸರ, ತಿಥಿ ಎಲ್ಲವನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದ. ಅದು ಪ್ರತಿ. ತನ್ನ ಹೆಸರನ್ನು ಅಳಿಸಿ ಪಂಪನದೋ ಜನ್ನನದೋ ಹೆಸರು ಹಾಕಿದ್ದರೆ ಮಾತ್ರ ಅದು ಖೋಟಾ.

ಜೂರಾ ಸೀಮೆಯಲ್ಲಿ ಮುಂದೆ ಬೆಳೆದ ಪದ್ಧತಿಯನ್ನು ಬಲ್ಲದೆ ಈ ಖೋಟಾಗಳ ಸಂಗತಿ ಅರ್ಥವಾಗದು. ಅಲ್ಲಿಯ ಚಳಿಗಾಲ ದೀರ್ಘ. ಹಿಮ ಬಿದ್ದ ತಿಂಗಳುಗಳಲ್ಲಿ ಹೊಲದ ಕೆಲಸವಿಲ್ಲದ ರೈತರು ಕಿಟಕಿಯ ಬಳಿ ಕುಳಿತು ಗಡಿಯಾರದ ಬಿಡಿಭಾಗಗಳನ್ನು ಮಾಡತೊಡಗಿದರು. ಒಂದು ಮನೆಯವರು ಬರೀ ಹಲ್ಲುಚಕ್ರ, ಇನ್ನೊಂದು ಮನೆಯವರು ಬರೀ ತಿರುಪು, ಮತ್ತೊಬ್ಬರು ಮುಳ್ಳು. ವರ್ತಕನೊಬ್ಬ ಮನೆಮನೆಯಿಂದ ಇವನ್ನು ಕೂಡಿಹಾಕಿ, ಜೋಡಿಸಿ, ಡಯಲಿನ ಮೇಲೆ ಒಂದು ಹೆಸರು ಬರೆಯಿಸಿ ಮಾರುವನು. ನಮ್ಮಲ್ಲಿ ಬೀಡಿ, ಊದುಬತ್ತಿಗಳು ಮನೆಮನೆಯಲ್ಲಿ ತಯಾರಾಗಿ ಯಾರದೋ ಮಾರ್ಕಿನಡಿ ಪೇಟೆಗೆ ಬರುವುದಿಲ್ಲವೇ, ಹಾಗೆ. ಈ ಏರ್ಪಾಡಿನಲ್ಲಿ ಗಡಿಯಾರವನ್ನು ‘ಮಾಡಿದವನು’ ಯಾರು? ಚಕ್ರ ಕೊರೆದವನ ಹೆಸರು ಎಲ್ಲಿಯೂ ಇಲ್ಲ. ಹೆಸರು ಹಾಕಿದವನ ಕೈಯಲ್ಲಿ ಅರದ ಗುರುತೇ ಇಲ್ಲದಿರಬಹುದು. ಹೀಗೆ ಹೆಸರಿಗೂ ಕೈಗೂ ಸಂಬಂಧ ಕಡಿದುಹೋದ ಮೇಲೆ ಯಾವ ಹೆಸರು ಬರೆದರೇನು ಎಂಬ ಬುದ್ಧಿ ಬರುವುದು ಸಹಜ.

ಅದರ ಫಲವೇ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪನ್ನು ತುಂಬಿದ ‘ಡಚ್ ಖೋಟಾ’ಗಳು. ಹೆಸರು ಡಚ್ಚರದಾದರೂ ಬಹುಪಾಲು ಇವು ಜಿನೀವಾ ಮತ್ತು ಸುತ್ತಿನ ಸೀಮೆಯಲ್ಲಿ ತಯಾರಾದುವೆಂದು ಬಲ್ಲವರ ಮತ. ಡಚ್ ವರ್ತಕರ ಮೂಲಕ, ಡಚ್ಚರ ರುಚಿಗೆ ಒಗ್ಗುವಂತೆ ಬಂದದ್ದರಿಂದ ಆ ಹೆಸರು. ಇವುಗಳ ಮೇಲೆ ಟಾರ್ಟ್ಸ್, ಸ್ಯಾಮ್ಸನ್, ವಿಲ್ಟರ್ ಮೊದಲಾದ ಹೆಸರುಗಳು, ಹೆಸರಿನ ಕೆಳಗೆ ಠೀವಿಯಿಂದ ‘ಲಂಡನ್’ ಎಂಬ ಊರು. ಆ ಕಾಲದ ಲಂಡನ್ನಿನ ಕಸಬುದಾರರ ದಾಖಲೆಗಳಲ್ಲಿ ಹುಡುಕಹೊರಟರೆ ಇಂಥ ಹಲವು ಹೆಸರುಗಳ ಹಿಂದೆ ಮನುಷ್ಯನೇ ಸಿಕ್ಕುವುದಿಲ್ಲ. ಟಾಂಪಿಯನ್ನನ ಹೆಸರು ಕದಿಯುವುದಕ್ಕಿಂತ ಇದು ಒಂದು ಹೆಜ್ಜೆ ಮುಂದೆ. ಇಲ್ಲದ ಮನುಷ್ಯನ ಹೆಸರನ್ನು ಕದ್ದರೆ ದೂರು ಕೊಡುವವರಾದರೂ ಯಾರು?

ಖೋಟಾ ಹಾಕಿದವನು ಎಷ್ಟು ಜಾಣನಾದರೂ ಎಲ್ಲಿಯೋ ಒಂದು ಕಡೆ ತನ್ನ ಊರಿನ ಅಭ್ಯಾಸವನ್ನು ಬಿಟ್ಟುಕೊಟ್ಟಿರುತ್ತಾನೆ. ಈ ಗಡಿಯಾರಗಳ ಡಯಲಿನಲ್ಲಿ ನಿಮಿಷದ ಗೆರೆ ಸರಿಯಾದ ವೃತ್ತವಾಗಿರದೆ, ಗಂಟೆಗೊಂದು ಕಮಾನಿನಂತೆ ಬಾಗಿ ಬಾಗಿ ಸುತ್ತುತ್ತದೆ. ಅದು ಡಚ್ಚರಿಗೆ ಪ್ರಿಯವಾದ ಅಲಂಕಾರ, ಲಂಡನ್ನಿನವರಿಗೆ ವಾಡಿಕೆಯಿಲ್ಲದ್ದು. ಬೆನ್ನು ತೆರೆದರೆ, ಓಲಾಡುವ ಬ್ಯಾಲೆನ್ಸ್ ಚಕ್ರದ ಮೇಲೆ ಜಾಲರಿ ಕೆತ್ತನೆಯ ಒಂದು ತಟ್ಟೆ ಇರುತ್ತದೆ. ಇಂಗ್ಲಿಷ್ ಗಡಿಯಾರದಲ್ಲಿ ಆ ತಟ್ಟೆ ಒಂದೇ ಕಾಲಿನ ಮೇಲೆ ನಿಲ್ಲುವುದು, ಒಂದೇ ತಿರುಪು. ಖಂಡದವರ ಗಡಿಯಾರದಲ್ಲಿ ಅದು ಸೇತುವೆಯಂತೆ ಎರಡು ಕಡೆಯೂ ಕಾಲೂರಿರುತ್ತದೆ. ಲಂಡನ್ ಎಂದು ಹೆಸರು, ಒಳಗೆ ಎರಡು ಕಾಲಿನ ಸೇತುವೆ! ಹಳಗನ್ನಡದ ಕಾಲದ್ದೆಂದು ಹೇಳುವ ಶಾಸನದಲ್ಲಿ ಹೊಸಗನ್ನಡದ ಪ್ರತ್ಯಯ ಇಣುಕಿದಂತೆ. ಕೂಟಶಾಸನವನ್ನು ಹಿಡಿಯುವುದೂ ಹೀಗೆಯೇ ತಾನೆ: ರಾಜನ ಹೆಸರಿನಿಂದಲ್ಲ, ಅಕ್ಷರದ ತಲೆಕಟ್ಟಿನಿಂದ.

ಈ ಕಾಟವನ್ನು ತಾಳಲಾರದೆ ಉಪಾಯ ಹೂಡಿದವನು ಅಬ್ರಹಾಂ ಲೂಯಿ ಬ್ರೆಗೆ. ೧೭೪೭ರಲ್ಲಿ ನ್ಯೂಶಾತೆಲ್ಲಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲಸಿದ ಈತನಷ್ಟು ಪ್ರತಿಭಾಶಾಲಿ ಆ ಕಸಬಿನಲ್ಲಿ ಇನ್ನೊಬ್ಬನಿಲ್ಲವೆಂದು ಹೇಳುವವರು ಇಂದಿಗೂ ಇದ್ದಾರೆ. ಹೆಸರು ಏರಿದಷ್ಟೂ ಅವನ ಹೆಸರಿನ ಖೋಟಾಗಳೂ ಏರಿದುವು. ಸುಮಾರು ೧೭೯೫ರಿಂದ ಅವನು ಗುಪ್ತ ರುಜುವನ್ನು ಬಳಕೆಗೆ ತಂದ. ಬಿಳಿಯ ಎನಾಮೆಲ್ ಡಯಲಿನ ಮೇಲೆ ಹನ್ನೆರಡು ಎಂಬ ಅಂಕಿಯ ಕೆಳಗೆ ಅವನ ಹೆಸರೂ ಗಡಿಯಾರದ ಸಂಖ್ಯೆಯೂ ಕೂದಲಿಗಿಂತ ನವುರಾಗಿ ಗೀರಲ್ಪಟ್ಟಿರುವುವು. ನೇರವಾಗಿ ನೋಡಿದರೆ ಬರಿಯ ಬಿಳುಪು. ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಅಕ್ಷರ ಮಿಂಚಿ ಮಾಯವಾಗುತ್ತದೆ. ಇದನ್ನು ಗೀರಲು ಬೇಕಾದ ಯಂತ್ರವನ್ನು ರೂಪಿಸಿಕೊಟ್ಟವನು ಜಾನ್ ಪಿಯೆರ್ ದ್ರೋ ಎಂಬ ನಾಣ್ಯದ ಅಚ್ಚುಗಾರ. ನಾಣ್ಯ ಟಂಕಿಸುವವನಿಗೆ ಖೋಟಾದವರ ಮನಸ್ಸು ಬೇರೆಯವರಿಗಿಂತ ಚೆನ್ನಾಗಿ ತಿಳಿದಿತ್ತೆಂದು ಊಹಿಸಬಹುದು.

ಆದರೆ ಗುಪ್ತ ರುಜು ಗುಪ್ತವಾಗಿ ಎಷ್ಟು ದಿನ ಉಳಿದೀತು? ಅದನ್ನೂ ನಕಲು ಮಾಡುವವರು ಹುಟ್ಟಿಕೊಂಡರು. ನಮ್ಮ ಕಾಲದಲ್ಲಿಯೂ ಇದೇ ನಾಟಕ ಮತ್ತೆ ನಡೆದಿದೆ. ೨೦೦೦ದ ದಶಕದ ಮೊದಲ ವರ್ಷಗಳಿಂದ ರೋಲೆಕ್ಸ್ ಸಂಸ್ಥೆ ಗಾಜಿನ ಒಳಗೆ, ಆರು ಗಂಟೆಯ ಅಂಕಿಯ ಮೇಲೆ, ತನ್ನ ಕಿರೀಟದ ಚಿಹ್ನೆಯನ್ನು ಬರಿಗಣ್ಣಿಗೆ ಅಷ್ಟಾಗಿ ಕಾಣದಂತೆ ಲೇಸರ್ ಕಿರಣದಿಂದ ಚುಕ್ಕಿ ಚುಕ್ಕಿಯಾಗಿ ಮೂಡಿಸತೊಡಗಿತು. ಬ್ರೆಗೆಯ ಉಪಾಯವೇ. ಕೆಲವು ಕಾಲದಲ್ಲಿಯೇ ಖೋಟಾ ಗಾಜಿನಲ್ಲಿಯೂ ಕಿರೀಟ ಕಂಡಿತು. ತಮಾಷೆಯೆಂದರೆ ಕೆಲವು ಖೋಟಾಗಳಲ್ಲಿ ಅದು ಅಸಲಿಗಿಂತ ಎದ್ದುಕಾಣುವಂತಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ವೃತ್ತಾಂತವನ್ನು ಬೇಗ ಹೇಳಿ ಮುಗಿಸಬಹುದು. ೧೮೬೭ರಲ್ಲಿ ರಾಸ್ಕಾಫ್ ಎಂಬುವನು ಕೂಲಿಗಾರನಿಗೂ ಎಟುಕುವ ಇಪ್ಪತ್ತು ಫ್ರಾಂಕಿನ ಗಡಿಯಾರವನ್ನು ಹೊರತಂದ. ಸ್ವಿಟ್ಜರ್ಲೆಂಡಿನಲ್ಲಿ ಆಗ ಪೇಟೆಂಟ್ ಕಾನೂನೇ ಇರಲಿಲ್ಲ; ಅದು ಬಂದದ್ದು ೧೮೮೮ರಲ್ಲಿ. ಹೀಗಾಗಿ ನೆರೆಹೊರೆಯವರೆಲ್ಲ ರಾಸ್ಕಾಫರಾದರು. ಇತ್ತ ಅಮೆರಿಕದ ಕಾರ್ಖಾನೆಗಳ ಗಡಿಯಾರಗಳು ಹೆಸರು ಮಾಡುತ್ತಲೇ ಅವುಗಳನ್ನು ಹೋಲುವ, ಹೆಸರಿನಲ್ಲಿ ಒಂದೆರಡು ಅಕ್ಷರ ವ್ಯತ್ಯಾಸವಾದ ಸ್ವಿಸ್ ಮಾಲು ಅಮೆರಿಕಕ್ಕೇ ಹೋಯಿತು. ತನ್ನ ಮಾಲನ್ನು ಬೇರೆಯವರು ನಕಲು ಮಾಡತೊಡಗಿದಾಗ ಸ್ವಿಟ್ಜರ್ಲೆಂಡಿಗೂ ಕಣ್ಣು ತೆರೆಯಿತು. ೧೮೭೯ರಲ್ಲಿ ಮಾರ್ಕುಗಳನ್ನು ಕಾಪಾಡುವ ಕಾನೂನು ಬಂದಿತು. ಲಾಂಜೀನ್ ಕಾರ್ಖಾನೆ ತನ್ನ ರೆಕ್ಕೆಯ ಮರಳುಗಡಿಯಾರದ ಗುರುತನ್ನು ೧೮೮೯ರಲ್ಲಿ ರಿಜಿಸ್ಟರ್ ಮಾಡಿಸಿತು. ನಕಲು ಮಾಡುವಾಗ ಉದಾರಿಗಳು, ನಕಲಾಗುವಾಗ ನೀತಿವಂತರು—ಇದು ಸ್ವಿಸ್ಸರ ಒಬ್ಬರದೇ ಗುಣವಲ್ಲ.

ಬಿಡಿಭಾಗಗಳ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ರಾಜ್ಯಭಾರದ ಪ್ರಶ್ನೆಯೇ ಆಯಿತು. ಸ್ವಿಸ್ ವರ್ತಕರು ಪೂರ್ತಿ ಗಡಿಯಾರಕ್ಕೆ ಹೊರದೇಶಗಳು ಹಾಕುತ್ತಿದ್ದ ಸುಂಕವನ್ನು ತಪ್ಪಿಸಲು ಬಿಡಿಭಾಗಗಳ ಗಂಟನ್ನೇ ಕಳುಹಿಸಿ, ಅಲ್ಲಿಯೇ ಜೋಡಿಸಿಕೊಳ್ಳಿರೆಂದು ಬಿಡುತ್ತಿದ್ದರು. ಇದರಿಂದ ಜೋಡಣೆಯ ಕೆಲಸ ದೇಶ ಬಿಟ್ಟುಹೋಯಿತು. ಯಾವನು ಯಾವ ಯಂತ್ರಕ್ಕೆ ಯಾವ ಹೆಸರು ಹಾಕಿದರೂ ಕೇಳುವವರಿಲ್ಲವಾಯಿತು. ೧೯೩೪ರಿಂದ ಸ್ವಿಸ್ ಸರ್ಕಾರ ಅಪ್ಪಣೆಯಿಲ್ಲದೆ ಬಿಡಿಭಾಗಗಳನ್ನು ರಫ್ತು ಮಾಡಕೂಡದೆಂದು ಕಟ್ಟುಮಾಡಿತು. ೧೬೯೮ರ ಇಂಗ್ಲೆಂಡು ಹೊರಡಿಸಿದ ಆಜ್ಞೆಯನ್ನೇ, ಆಗ ಯಾರ ವಿರುದ್ಧ ಅದು ಹೊರಟಿತ್ತೋ ಅವರ ಮೊಮ್ಮಕ್ಕಳು ಇನ್ನೂರಮೂವತ್ತಾರು ವರ್ಷಗಳ ಮೇಲೆ ಹೊರಡಿಸಿದರು.

ಇದೇ ಶತಮಾನದಲ್ಲಿ ಇನ್ನೊಂದು ದಾರಿಯೂ ಕಂಡಿತು. ಕದಿಯುವ ಬದಲು ಕಾರ್ಖಾನೆಯನ್ನೇ ಕೊಂಡುಬಿಡುವುದು. ಅಮೆರಿಕದ ಒಹಾಯೊ ಸಂಸ್ಥಾನದ ಕ್ಯಾಂಟನ್ ಊರಿನಲ್ಲಿ ದಿವಾಳಿಯಾಗಿದ್ದ ಡೂಬರ್-ಹ್ಯಾಂಪ್ಡನ್ ಕಾರ್ಖಾನೆಯನ್ನು ಸೋವಿಯತ್ ಸರ್ಕಾರ ಕೊಂಡು, ೧೯೩೦ರಲ್ಲಿ ಯಂತ್ರಗಳನ್ನೂ ಉಳಿದಿದ್ದ ಬಿಡಿಭಾಗಗಳನ್ನೂ ೨೮ ಗೂಡ್ಸ್ ಡಬ್ಬಿಗಳಲ್ಲಿ ತುಂಬಿಸಿ ಮಾಸ್ಕೋವಿಗೆ ಸಾಗಿಸಿತು. ಕಲಿಸಿಕೊಡಲು ೨೧ ಜನ ಅಮೆರಿಕನ್ ಕೆಲಸಗಾರರೂ ಹೋದರು. ಮಾಸ್ಕೋವಿನ ಮೊದಲ ಗಡಿಯಾರಗಳಲ್ಲಿ ಕೆಲವಕ್ಕೆ ಅಮೆರಿಕದ ಭಾಗಗಳೇ ಇದ್ದುವು. ಚೀನಾ ೧೯೬೧ರಲ್ಲಿ ತನ್ನ ವೈಮಾನಿಕರಿಗಾಗಿ ಸೆಕೆಂಡು ಅಳೆಯುವ ಗಡಿಯಾರ ಬೇಕೆಂದು ವೀನಸ್ ಎಂಬ ಸ್ವಿಸ್ ಕಂಪೆನಿಯ ೧೭೫ನೆಯ ಮಾದರಿಯ ಯಂತ್ರೋಪಕರಣಗಳನ್ನು ಕೊಂಡು ತಿಯೆನ್‌ಸಿನ್ ನಗರದಲ್ಲಿ ಹೂಡಿತು. ಆ ವಂಶದ ಯಂತ್ರ ಇಂದಿಗೂ ಅಲ್ಲಿ ತಯಾರಾಗುತ್ತಿದೆ.

ಅದೇ ೧೯೬೧ರಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಎಂದರೆ ಎಚ್.ಎಂ.ಟಿ., ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ನೆಹರೂ ಅವರು ಬಿಡುಗಡೆ ಮಾಡಿದರು. ಯಂತ್ರದ ನಕ್ಷೆ ಸಿಟಿಜನ್ನಿನದು. ಆದರೆ ಅದನ್ನು ಯಾರೂ ಖೋಟಾ ಎನ್ನಲಿಲ್ಲ. ಎನ್ನುವ ಹಾಗೂ ಇರಲಿಲ್ಲ. ಡಯಲಿನ ಮೇಲೆ ತನ್ನ ಹೆಸರನ್ನೇ ಬರೆದುಕೊಂಡು, ಕಲಿಸಿದವರ ಹೆಸರನ್ನು ಮುಚ್ಚಿಡದೆ ಮಾಡಿದ ಕೆಲಸ ಅದು. ಜನತಾ, ಪೈಲಟ್, ಕಾಂಚನ, ಕೊಹಿನೂರ್ ಎಂಬ ಹೆಸರುಗಳು ಒಂದೆರಡು ತಲೆಮಾರಿನ ಮದುವೆ ಮುಂಜಿಗಳಲ್ಲಿ, ಪರೀಕ್ಷೆ ಪಾಸಾದ ಹುಡುಗರ ಮುಂಗೈಗಳಲ್ಲಿ, ಸೋದರಮಾವನ ಉಡುಗೊರೆಯಲ್ಲಿ ಹೊಕ್ಕು ನಿಂತುವು.

ಈಗ ನಕಲನ್ನು ತಿದ್ದುವ ಹವ್ಯಾಸಿಗಳ ಮಾತಿಗೆ ಮತ್ತೆ ಬರಬಹುದು. ಇವರ ಪರವಾಗಿ ಹೇಳಬೇಕಾದದ್ದು ಇಲ್ಲದಿಲ್ಲ. ಪ್ರಸಿದ್ಧ ಕಂಪೆನಿಗಳು ಅನೇಕ ವರ್ಷ ತಾವೇ ಯಂತ್ರ ಮಾಡದೆ ಇ.ಟಿ.ಎ. ಎಂಬ ಕಾರ್ಖಾನೆಯಿಂದ ಕೊಂಡು ತಮ್ಮ ಹೆಸರು ಹಾಕುತ್ತಿದ್ದುವು. ಅದರ ೨೮೨೪ ಎಂಬ ಯಂತ್ರ ನೂರಾರು ಹೆಸರುಗಳ ಕೆಳಗೆ ಬಡಿದಿದೆ. ೨೦೦೨ರಲ್ಲಿ ಆ ಕಾರ್ಖಾನೆಯ ಒಡೆತನವಿರುವ ಸ್ವಾಚ್ ಸಂಸ್ಥೆ ಹೊರಗಿನವರಿಗೆ ಅರೆಸಿದ್ಧ ಯಂತ್ರಗಳ ಸರಬರಾಜನ್ನು ನಿಲ್ಲಿಸುವೆನೆಂದಾಗ ಸ್ವಿಟ್ಜರ್ಲೆಂಡಿನಲ್ಲಿಯೇ ಗದ್ದಲವೆದ್ದು, ಸ್ಪರ್ಧಾ ಆಯೋಗ ನಡುವೆ ಬರಬೇಕಾಯಿತು. ಅದೇ ೨೮೨೪ರ ಪಡಿಯಚ್ಚನ್ನು ಚೀನಾದಲ್ಲಿಯೂ ಮಾಡುತ್ತಾರೆ. ಹಾಗಾದರೆ ಸಾವಿರ ಕೊಟ್ಟವನ ಗಡಿಯಾರಕ್ಕೂ ಲಕ್ಷ ಕೊಟ್ಟವನ ಗಡಿಯಾರಕ್ಕೂ ಡಯಲಿನ ಮೇಲಿನ ನಾಲ್ಕು ಅಕ್ಷರಗಳ ಹೊರತು ಏನು ಭೇದ ಎಂದು ಹವ್ಯಾಸಿ ಕೇಳುತ್ತಾನೆ. ಭೇದವಿದೆ; ಲೋಹದಲ್ಲಿ, ಹೊಂದಿಕೆಯಲ್ಲಿ, ಹೊಳಪಿನಲ್ಲಿ ಇದೆ. ಆದರೆ ಬೆಲೆಯಲ್ಲಿರುವಷ್ಟು ಇಲ್ಲವೆಂಬುದನ್ನು ಒಪ್ಪಲೇಬೇಕು. ಅಲ್ಲದೆ ಮೇಜಿನ ಮೇಲೆ ಚಿಮಟ, ಭೂತಗನ್ನಡಿಗಳನ್ನಿಟ್ಟುಕೊಂಡು ರಾತ್ರಿಯೆಲ್ಲ ಹಲ್ಲುಚಕ್ರಗಳೊಡನೆ ಕಳೆಯುವವನು ಏನನ್ನೋ ಕಲಿಯುತ್ತಾನೆ. ಜಾನ್‌ರಿಶಾರ್ ಕಲಿತದ್ದೂ ಹಾಗೆಯೇ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಇವನು ಗಾಜನ್ನು ಅಸಲಿನದು ಹಾಕುತ್ತಾನೆ. ಬಳಿಕ ಅಸಲಿನ ಕೀ, ಅಸಲಿನ ಮುಳ್ಳು, ಹರಾಜಿನಲ್ಲಿ ಸಿಕ್ಕಿದ ಅಸಲಿನ ಡಯಲು. ಒಂದೊಂದು ತಿದ್ದುಪಡಿಯೂ ಗಡಿಯಾರವನ್ನು ಉತ್ತಮಗೊಳಿಸುತ್ತದೆ, ಸುಳ್ಳನ್ನು ಗಟ್ಟಿಗೊಳಿಸುತ್ತದೆ. ತನಗಂತೂ ಸತ್ಯ ಗೊತ್ತು, ಯಾರಿಗೂ ಮಾರುವುದಿಲ್ಲ ಎಂದು ಅವನು ಹೇಳುತ್ತಾನೆ, ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಆದರೆ ಗಡಿಯಾರ ಮನುಷ್ಯನಿಗಿಂತ ಹೆಚ್ಚು ಕಾಲ ಬಾಳುವ ವಸ್ತು. ಅವನ ಮಗ ಅದನ್ನು ಅಪ್ಪನ ಅಸಲಿ ಗಡಿಯಾರವೆಂದು ನಂಬಿ, ಕಷ್ಟಕಾಲದಲ್ಲಿ ಮಾರಲು ಅಂಗಡಿಗೆ ಕೊಂಡೊಯ್ಯುತ್ತಾನೆ. ಅಥವಾ ಅಂಗಡಿಯವನೇ ನಂಬಿ ಕೊಂಡು ಇನ್ನೊಬ್ಬನಿಗೆ ಮಾರುತ್ತಾನೆ. ತಪ್ಪೊಪ್ಪಿಗೆ ಮಾಲಿನೊಡನೆ ಕೈಬದಲಾಗುವುದಿಲ್ಲ. ಸುಳ್ಳು ಮಾರ್ಕು ಹಾಕುವುದೂ ಅಂಥ ಮಾಲನ್ನು ಮಾರುವುದೂ ನಮ್ಮಲ್ಲಿಯೂ ಅಪರಾಧವೇ. ೧೯೯೯ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸದ ವಿಧಿಯಿದೆ. ಆದರೆ ಕಾನೂನು ಮಾರುವವನನ್ನು ಹಿಡಿಯಬಲ್ಲದು. ಮೂವತ್ತು ವರ್ಷದ ಮೇಲೆ ಏನೂ ಅರಿಯದೆ ಮಾರುವವನನ್ನು ಹಿಡಿದು ಏನು ಫಲ?

ಬಿಡಿಭಾಗಗಳ ಈ ಆಟ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಈಚಿನ ಒಂದು ನಿದರ್ಶನ ಸಾಕು. ಒಮೆಗ ಕಂಪೆನಿಯ ಸ್ಪೀಡ್‌ಮಾಸ್ಟರ್ ಎಂಬ ಗಡಿಯಾರ ಮೊದಲು ಬಂದದ್ದು ೧೯೫೭ರಲ್ಲಿ. ಆ ಮೊದಲ ಮಾದರಿಯದೆಂದು ಹೇಳಲಾದ, ಕಪ್ಪು ಡಯಲು ಕಂದು ಬಣ್ಣಕ್ಕೆ ತಿರುಗಿದ್ದ ಒಂದು ಗಡಿಯಾರ ೨೦೨೧ರ ನವೆಂಬರಿನಲ್ಲಿ ಜಿನೀವಾದಲ್ಲಿ ಹರಾಜಿಗೆ ಬಂದಿತು. ಎಂಬತ್ತು ಸಾವಿರದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಫ್ರಾಂಕ್ ಬಂದೀತೆಂದು ಅಂದಾಜು ಮಾಡಿದ್ದ ವಸ್ತು ಮೂವತ್ತೊಂದು ಲಕ್ಷ ಫ್ರಾಂಕಿಗೂ ಮಿಗಿಲಾಗಿ ಹೋಯಿತು. ಕೊಂಡದ್ದು ಯಾರು? ಒಮೆಗ ಕಂಪೆನಿಯೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ! ೨೦೨೩ರಲ್ಲಿ ಜೂರಿಕ್ ನಗರದ ಪತ್ರಿಕೆಯೊಂದು ಗುಟ್ಟನ್ನು ಹೊರಹಾಕಿತು. ಆ ಗಡಿಯಾರ ಬೇರೆ ಬೇರೆ ಕಡೆಯ ಭಾಗಗಳನ್ನು ಕೂಡಿಸಿ ಕಟ್ಟಿದ್ದು. ತನ್ನ ಮಾಜಿ ನೌಕರರು ಮೂವರ ಕೈವಾಡ ಇದರಲ್ಲಿತ್ತೆಂದು ಒಮೆಗ ಸಂಸ್ಥೆಯೇ ಹೇಳಿತು. ಅವರಲ್ಲಿ ಆ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರೂ ಒಬ್ಬರು. ಒಂದೊಂದೇ ಭಾಗವನ್ನು ತೆಗೆದುಕೊಂಡರೆ ಬಹಳಷ್ಟು ಹಳೆಯದೇ. ಹೀಗೆ ಕೂಡಿದ ಒಂದು ಗಡಿಯಾರ ಮಾತ್ರ ೧೯೫೭ರಲ್ಲಿ ಎಂದೂ ಹುಟ್ಟಿರಲಿಲ್ಲ. ಹತ್ತು ಓಲೆಗರಿ ಒಂದು ಕಟ್ಟಿನಿಂದ, ಇಪ್ಪತ್ತು ಇನ್ನೊಂದರಿಂದ ಆಯ್ದು ಒಂದೇ ದಾರದಲ್ಲಿ ಪೋಣಿಸಿ ‘ಕವಿಯ ಸ್ವಹಸ್ತ ಪ್ರತಿ’ ಎಂದರೆ ಹೇಗಾದೀತೋ ಹಾಗೆ. ಇಂಗ್ಲಿಷಿನ ಕಥೆಯೊಂದರಲ್ಲಿ ಹೆಣಗಳ ಅಂಗಾಂಗ ಹೊಲಿದು ಮನುಷ್ಯನನ್ನು ಮಾಡಿದ ಫ್ರಾಂಕೆನ್‌ಸ್ಟೈನನ ಹೆಸರನ್ನೇ ಸಂಗ್ರಾಹಕರು ಇಂಥ ಗಡಿಯಾರಗಳಿಗೆ ಕೊಟ್ಟಿದ್ದಾರೆ.

ಕೋಟಿಗಟ್ಟಲೆಯ ಈ ವ್ಯವಹಾರ ನಮಗೆ ದೂರದ್ದೆಂದು ತೋರಬಹುದು. ಹತ್ತಿರದ್ದನ್ನು ನೋಡೋಣ. ಎಚ್.ಎಂ.ಟಿ. ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ೨೦೧೬ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಮುಚ್ಚುವ ಸುದ್ದಿ ಹಬ್ಬುತ್ತಲೇ, ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಜನತಾ, ಪೈಲಟ್‌ಗಳಿಗೆ ಒಮ್ಮೆಗೇ ಗಿರಾಕಿಗಳು ಹುಟ್ಟಿಕೊಂಡರು. ನೂರಾರು ರೂಪಾಯಿಯ ಗಡಿಯಾರ ಸಾವಿರಾರಕ್ಕೆ ಏರಿತು. ಏರಿದ್ದೇ ತಡ, ಹಳೆಯ ಡಯಲುಗಳನ್ನು ಕೆರೆದು ಹೊಸ ಬಣ್ಣ ಬಳಿದು, ಹೆಸರನ್ನು ಮತ್ತೆ ಅಚ್ಚುಹಾಕಿ ಮಾರುವ ಕಸಬು ಕುದುರಿತು. ಜನತಾ, ಪೈಲಟ್ ಎರಡಕ್ಕೂ ೦೨೩೧ ಎಂಬ ಒಂದೇ ಹದಿನೇಳು ಹರಳಿನ ಯಂತ್ರವಾದ್ದರಿಂದ ಒಂದರ ಹೊಟ್ಟೆಗೆ ಇನ್ನೊಂದರ ಮುಖ ಸುಲಭವಾಗಿ ಕೂಡುತ್ತದೆ. ಜನತೆಯನ್ನು ಪೈಲಟ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಕಾರ್ಖಾನೆ ಎಂದೂ ಕಾಣದ ಬಣ್ಣಗಳ, ಎಂದೂ ಬರೆಯದ ಅಕ್ಷರಗಳ ಡಯಲುಗಳು ಹೀಗೆ ಹೊರಬಂದುವು. ಹೊರದೇಶದ ಸಂಗ್ರಾಹಕರು ಇವುಗಳಿಗೆ ಮುಂಬಯಿಯ ಹೆಸರನ್ನು ಅಂಟಿಸಿ ನಗುತ್ತಾರೆ, ಆದರೂ ಕೊಳ್ಳುತ್ತಾರೆ.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಬಣ್ಣ ಮಾಸಿದ ಡಯಲಿಗೆ ಬಣ್ಣ ಬಳಿದರೆ ಹಾಕಿಕೊಳ್ಳುವವರಿಗೆ ಚೆಂದವೇ ಅಲ್ಲವೇ? ನಿಜ. ತನ್ನ ತಂದೆಯ ಗಡಿಯಾರದ ಡಯಲನ್ನು ಒಬ್ಬನು ಹೊಸದು ಮಾಡಿಸಿಕೊಂಡರೆ ಅದು ಅವನ ಮನೆಯ ಮಾತು. ಆದರೆ ಒಂದೊಂದು ಹಳೆಯ ಡಯಲು ಕೆರೆದುಹೋದಾಗಲೂ ಬೆಂಗಳೂರಿನ ಆ ಕಾರ್ಖಾನೆಯಲ್ಲಿ ಯಾವ ಕಾಲದಲ್ಲಿ ಏನನ್ನು ಮಾಡುತ್ತಿದ್ದರೆಂಬುದಕ್ಕೆ ಇದ್ದ ಒಂದು ಸಾಕ್ಷಿ ಹೋಗುತ್ತದೆ. ಲಂಡನ್ನಿನವರಿಗೂ ಪ್ಯಾರಿಸ್ಸಿನವರಿಗೂ ಇನ್ನೂರು ವರ್ಷದ ಲೆಕ್ಕದ ಪುಸ್ತಕಗಳಿವೆ. ಬ್ರೆಗೆಯ ಯಾವ ಗಡಿಯಾರ ಯಾರಿಗೆ ಮಾರಾಟವಾಯಿತೆಂದು ತೆಗೆದು ನೋಡಬಹುದು. ನಮ್ಮ ಜನತಾ ಗಡಿಯಾರಕ್ಕೆ ಅಂಥ ಪುಸ್ತಕವನ್ನು ತೆಗೆದು ತೋರಿಸುವವರು ಯಾರು? ಅದರ ಮುಖವೇ ಅದರ ಶಾಸನ.

ಜಾಲಹಳ್ಳಿಯ ಎಚ್.ಎಂ.ಟಿ. ಆವರಣದಲ್ಲಿ ೨೦೧೯ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಕಾರ್ಖಾನೆಯಿಂದ ಹೊರಟ ಮಾದರಿಗಳನ್ನು ಅಲ್ಲಿ ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದಾರೆ. ಪೇಟೆಯಲ್ಲಿ ಹಳೆಯ ಪೈಲಟ್ ಒಂದನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕೆಂದಿರುವವರು ಮೊದಲು ಅಲ್ಲಿಗೆ ಹೋಗಿ, ಅಕ್ಷರಗಳು ಎಲ್ಲಿ ನಿಂತಿವೆ, ಮುಳ್ಳು ಎಲ್ಲಿಯವರೆಗೆ ಮುಟ್ಟುತ್ತದೆ, ಅಂಕಿಗಳ ದಪ್ಪವೆಷ್ಟು ಎಂಬುದನ್ನು ಸಾವಕಾಶವಾಗಿ ನೋಡಿಕೊಂಡು ಬರುವುದು ಒಳ್ಳೆಯದು.